ಬಾಲದೆಲುಬಿನ ಹತ್ತಿರ ಕಾರ್ಡೋಮಾ: ಮೊದಲ ಆಪರೇಷನ್‌ಗೆ ಅವಸರ ಬೇಡ

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 57 ವರ್ಷ, ಕಬ್ಬು ಬೆಳೆಯುತ್ತಾರೆ. ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್‌ನಿಂದ ಇಳಿಯುವಾಗ ಜಾರಿ ಕುಂಡೆಯ ಮೇಲೆ ಬಿದ್ದಿದ್ದರು. ಆಗಿನಿಂದ ಬಾಲದೆಲುಬಿನ ಹತ್ತಿರ ನೋವು. ಮೊದಲು ನೋವಿನ ಮಾತ್ರೆ ಆಯ್ತು. ಆಮೇಲೆ ಸಂಡಾಸ ಸರಿಯಾಗಿ ಆಗ್ತಿಲ್ಲ ಅಂತ ಮೂಲವ್ಯಾಧಿಗೆ ಔಷಧ ಆಯ್ತು. ಕೊನೆಗೆ ಮಿರಜದಲ್ಲಿ ಎಂಆರ್‌ಐ ಮಾಡಿಸಿದಾಗ ಬಾಲದೆಲುಬಿನ ಮೇಲಿರುವ ಸೇಕ್ರಮ್ ಎಲುಬಿನಲ್ಲಿ ಎಸ್ 3ರಿಂದ, ಅಂದರೆ ಅದರ ಮೂರನೇ ಭಾಗದಿಂದ ಕೆಳಗೆ 8 ಸೆಂಟಿಮೀಟರ್ ಗಡ್ಡೆ ಕಾಣಿಸಿತು. ಬೆಳಗಾವಿಯಲ್ಲಿ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಬಯಾಪ್ಸಿ ಮಾಡಿದರು. ರಿಪೋರ್ಟ್‌ನಲ್ಲಿ ಕಾರ್ಡೋಮಾ ಅಂತ ಇದೆ. ಬಯಾಪ್ಸಿ ಮಾಡಿಸಿದ ಡಾಕ್ಟರು ಮುಂಬೈಗೆ ಹೋಗಿ ಅಂತಾರೆ. ಇನ್ನೊಂದು ಆಸ್ಪತ್ರೆಯವರು ಮುಂದಿನ ಸೋಮವಾರವೇ ಗಡ್ಡೆ ಎಷ್ಟು ಬರುತ್ತೋ ಅಷ್ಟು ತೆಗೆದುಬಿಡೋಣ ಅಂತಾರೆ. ಕಾಕಾ "ಗಂಟಿಗೆ ಕತ್ತಿ ತಾಗಿದ್ರ ಮೈತುಂಬ ಹಬ್ಬತೈತಿ" ಅಂತ ಆಪರೇಷನ್ನೇ ಬೇಡ ಅಂತಾರೆ. ಮಾವ ಚೆನ್ನೈನಲ್ಲಿ ಪ್ರೋಟಾನ್ ಅಂತ ಇದೆ, ಎರಡು ಎಕರೆ ಮಾರಿದರೂ ಸರಿ ಅಂತಾರೆ. ಆಪರೇಷನ್ ಆದರೆ ಮೂತ್ರದ ಹಿಡಿತ ಹೋಗುತ್ತೆ ಅಂತ ಒಬ್ಬರು ಹೆದರಿಸಿದ್ದಾರೆ. ಕೀಮೋದಿಂದ ಕರಗಲ್ವಾ? ನನಗೂ ತಮ್ಮನಿಗೂ ಇದು ಬರಬಹುದಾ? ಅಪ್ಪನಿಗೆ ಇನ್ನೂ ಕ್ಯಾನ್ಸರ್ ಅಂತ ಹೇಳಿಲ್ಲ. ಏನು ಮಾಡೋದು ಡಾಕ್ಟ್ರೇ?

ಉತ್ತರ: ನೋಡಿ ತಂಗಿ, ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಎಲ್ಲಕ್ಕೂ ಬರುತ್ತೇನೆ. ಆದರೆ ತುರ್ತಾಗಿ ಉತ್ತರ ಬೇಕಾಗಿರುವುದು ಸೋಮವಾರದ ಆಪರೇಷನ್‌ಗೆ ಹೂಂ ಅನ್ನಬೇಕೋ ಬೇಡವೋ ಎಂಬುದಕ್ಕೆ. ಬೇಡ. ನಿಮ್ಮ ತಂದೆಗೆ ಆಪರೇಷನ್ ಬೇಕಾಗಬಹುದು, ಬಹುಶಃ ಬೇಕೇ ಬೇಕು. ಆದರೆ "ಎಷ್ಟು ಬರುತ್ತೋ ಅಷ್ಟು" ತೆಗೆಯುವ ಆಪರೇಷನ್ ಈ ಕಾಯಿಲೆಗೆ ಮಾಡಬಾರದು. ನಾನು ರೇಡಿಯೇಷನ್ ಕೊಡುವ ಡಾಕ್ಟರು, ಸರ್ಜನ್ ಅಲ್ಲ. ಅರ್ಧಂಬರ್ಧ ಆಪರೇಷನ್ ಆದ ಮೇಲೆ "ಉಳಿದದ್ದನ್ನು ನೀವು ಕಿರಣದಿಂದ ಸುಟ್ಟುಬಿಡಿ" ಅಂತ ಕಳಿಸುವುದು ನನ್ನಂಥವರ ಹತ್ತಿರಕ್ಕೇ. ಆ ಹೊತ್ತಿಗೆ ಒಳ್ಳೆಯ ದಾರಿಗಳು ಮುಚ್ಚಿಹೋಗಿರುತ್ತವೆ. ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಯಾಕೆ ಹಾಗೆ ಅಂತ ತಿಳಿಯಲು ಇದು ಎಂಥ ಗಡ್ಡೆ ಅಂತ ಸ್ವಲ್ಪ ನೋಡೋಣ. ಮಗು ಹೊಟ್ಟೆಯಲ್ಲಿರುವಾಗ, ಬೆನ್ನೆಲುಬು ಮೂಡುವ ಮೊದಲು, ಅದರ ಜಾಗದಲ್ಲಿ ನೋಟೊಕಾರ್ಡ್ ಎಂಬ ಮೆತ್ತನೆಯ ದಾರದಂಥ ಭಾಗ ಇರುತ್ತದೆ. ಎಲುಬು ಬೆಳೆದ ಮೇಲೆ ಅದರ ಕೆಲಸ ಮುಗಿಯುತ್ತದೆ. ಒಂದಿಷ್ಟು ಭಾಗ ಬೆನ್ನೆಲುಬಿನ ಡಿಸ್ಕ್‌ಗಳ ಒಳಗಿನ ತಿರುಳಾಗುತ್ತದೆ, ಉಳಿದದ್ದು ಮಾಯವಾಗುತ್ತದೆ. ಕೆಲವರಲ್ಲಿ ಆ ಜೀವಕೋಶಗಳು ಅಲ್ಲಲ್ಲಿ ಎಲುಬಿನೊಳಗೆ ಉಳಿದುಬಿಡುತ್ತವೆ. ತೀರಾ ಅಪರೂಪಕ್ಕೆ, ಎಷ್ಟೋ ವರ್ಷಗಳ ಮೇಲೆ, ಅವು ಕ್ಯಾನ್ಸರ್ ಆಗುತ್ತವೆ. ಅದೇ ಕಾರ್ಡೋಮಾ. ನೋಟೊಕಾರ್ಡ್ ಹರಡಿದ್ದ ದಾರಿಯಲ್ಲೇ ಇದು ಬರುತ್ತದೆ: ಮೇಲ್ತುದಿಯಲ್ಲಿ ತಲೆಬುರುಡೆಯ ತಳ, ಕೆಳತುದಿಯಲ್ಲಿ ಸೇಕ್ರಮ್ ಮತ್ತು ಬಾಲದೆಲುಬು, ನಡುವೆ ಬೆನ್ನೆಲುಬು.

ಎಷ್ಟು ಅಪರೂಪ? ಅಮೆರಿಕದಲ್ಲಿ 1973ರಿಂದ 1995ರವರೆಗೆ ದಾಖಲಾದ 400 ರೋಗಿಗಳ ಲೆಕ್ಕದ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೂ ಪೂರ್ತಿ ಬರುವುದಿಲ್ಲ, 0.8 ಅಷ್ಟೇ. ಬುರುಡೆಯ ತಳ, ಬೆನ್ನೆಲುಬು, ಸೇಕ್ರಮ್ ಮೂರರಲ್ಲೂ ಹೆಚ್ಚುಕಡಿಮೆ ಸಮಸಮ. ಅದೇ ಲೆಕ್ಕವನ್ನು 2011ರ ಜನಗಣತಿಯ ಕರ್ನಾಟಕಕ್ಕೆ ಹಿಡಿದರೆ ಇಡೀ ರಾಜ್ಯದಲ್ಲಿ ವರ್ಷಕ್ಕೆ 50ರ ಆಸುಪಾಸು. ಸೇಕ್ರಮ್‌ನದು ಅದರಲ್ಲಿ ಮೂರನೇ ಒಂದು ಪಾಲು. ಅಂದರೆ ಒಳ್ಳೆಯ ಹೆಸರಿರುವ, ಕೈಗುಣ ಇರುವ ಸರ್ಜನ್ ಕೂಡ ಇಡೀ ಸರ್ವಿಸ್‌ನಲ್ಲಿ ಇದನ್ನು ಒಂದೋ ಎರಡೋ ಸಲ ನೋಡಿರಬಹುದು. ಬೆಳಗಾವಿ, ವಿಜಯಪುರದಲ್ಲಿ ಸರ್ಜನ್‌ಗಳಿಗೆ ಕೌಶಲ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಈ ಒಂದು ಆಪರೇಷನ್ ಮತ್ತೆ ಮತ್ತೆ ಮಾಡಿದ ಕೈ ಬೇಕು.

ಈಗ ಮೊದಲ ಆಪರೇಷನ್ ಬಗ್ಗೆ. ಕಾರ್ಡೋಮಾ ಒಳಗೆ ಲೋಳೆಯಂತಿರುತ್ತದೆ, ಮೇಲೆ ತೆಳುವಾದ ಪೊರೆ. ಕಳಿತ ಸೀತಾಫಲವನ್ನು ಸಿಪ್ಪೆ ಒಡೆಯದಂತೆ ಗಿಡದಿಂದ ಬಿಡಿಸಿದ ಹಾಗೆ ತೆಗೆಯಬೇಕು. ಪೊರೆ ಒಡೆದು ಒಳಗಿನದು ಚೆಲ್ಲಿದರೆ ಆ ಜಾಗದಲ್ಲೆಲ್ಲ ಜೀವಕೋಶ ಬೀಳುತ್ತವೆ, ಅಲ್ಲಲ್ಲೇ ಮತ್ತೆ ಬೆಳೆಯುತ್ತವೆ. ಹಾಗಾಗಿ ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಚೆನ್ನಾಗಿರುವ ಎಲುಬು, ಮಾಂಸದ ಸಮೇತ ಇಡಿಯಾಗಿ, ಒಂದೇ ತುಂಡಾಗಿ ತೆಗೆಯಬೇಕು. ಅಂಚು ಶುದ್ಧವಾಗಿ ಬಂದರೆ ಅದೇ ಜಾಗದಲ್ಲಿ ಮರಳುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಕೆರೆದು ತೆಗೆದರೆ ಮರಳುವುದೇ ಜಾಸ್ತಿ. ಮರಳಿದ ಗಡ್ಡೆಯನ್ನು ಎರಡನೇ ಸಲ ಶುದ್ಧ ಅಂಚಿನೊಂದಿಗೆ ತೆಗೆಯುವುದು ತುಂಬಾ ಕಷ್ಟ. ಗಾಯದ ಕಲೆ, ಅಂಟಿಕೊಂಡ ಕರುಳು, ಗುರುತು ಸಿಗದ ನರ, ಎಲ್ಲಾ ಅಡ್ಡ ಬರುತ್ತವೆ.

ನಿಮ್ಮ ಕಾಕಾ ಹೇಳಿದ ಮಾತನ್ನು ಹಳ್ಳಿಯ ಮೂಢನಂಬಿಕೆ ಅಂತ ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಯಾರನ್ನೋ ನೋಡಿಯೇ ಹೇಳಿರುತ್ತಾರೆ. ತಪ್ಪಾದ ರೀತಿಯಲ್ಲಿ ಕತ್ತಿ ಹಾಕಿದರೆ ಈ ಗಡ್ಡೆ ಅಲ್ಲೇ ಹಬ್ಬುವುದು ನಿಜ. ಆದರೆ ಸರಿಯಾಗಿ ತೆಗೆದರೆ ಹಬ್ಬುವುದಿಲ್ಲ, ತೆಗೆಯದೆ ಬಿಟ್ಟರೆ ಖಂಡಿತ ಬೆಳೆಯುತ್ತದೆ. ಬಯಾಪ್ಸಿ ಮಾಡಿಸಿದ್ದು ತಪ್ಪಾಯ್ತೇನೋ ಎಂಬ ಚಿಂತೆಯೂ ಬೇಡ. ಗುದದ್ವಾರದ ಒಳಗಿನಿಂದ ಸೂಜಿ ಹಾಕಿದ್ದರೆ ತೊಂದರೆಯಾಗುತ್ತಿತ್ತು, ಯಾಕೆಂದರೆ ಆಗ ಆ ಕರುಳಿನ ಗೋಡೆಯನ್ನೂ ತೆಗೆಯಬೇಕಾಗಬಹುದು. ನಿಮ್ಮ ಬೆಳಗಾವಿ ಡಾಕ್ಟರು ಬೆನ್ನಿನ ಕಡೆಯಿಂದ ಹಾಕಿದ್ದಾರೆ, ಸರಿಯಾದ ದಾರಿ ಅದೇ. ಆಪರೇಷನ್ ಮಾಡುವಾಗ ಆ ಸೂಜಿ ಹೋದ ದಾರಿಯನ್ನೂ ಚರ್ಮದ ಸಮೇತ ಗಡ್ಡೆಯ ಜೊತೆಗೇ ತೆಗೆಯುತ್ತಾರೆ. ಸೂಜಿಯ ಗುರುತು ಮಾಸುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಸರ್ಜನ್‌ಗೆ ಉಪಯೋಗ ಆಗುತ್ತದೆ.

ಟ್ರ್ಯಾಕ್ಟರ್‌ನಿಂದ ಬಿದ್ದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಿದ್ದಾಗ ಆ ಜಾಗಕ್ಕೆ ಗಮನ ಹೋಯಿತು, ಅಷ್ಟೇ. ಇದು ತುಂಬಾ ನಿಧಾನಕ್ಕೆ ಬೆಳೆಯುವ ಗಡ್ಡೆ. 8 ಸೆಂಟಿಮೀಟರ್ ಆಗಲು ವರ್ಷಗಳು ಬೇಕು, ಅವರು ಬೀಳುವ ಮೊದಲೇ ಅಲ್ಲಿ ಇದ್ದಿರಬಹುದು. ತಂಬಾಕು, ಊಟ, ನೀರು, ಹೊಲಕ್ಕೆ ಹೊಡೆಯುವ ಔಷಧ ಯಾವುದರಿಂದಲೂ ಇದು ಬರುತ್ತದೆ ಎಂಬುದಕ್ಕೆ ಆಧಾರ ಇಲ್ಲ. ನಿಮಗೂ ನಿಮ್ಮ ತಮ್ಮನಿಗೂ ಬರುತ್ತಾ ಅಂತ ಕೇಳಿದ್ದೀರಿ. ಇಡೀ ಜಗತ್ತಿನಲ್ಲಿ ಬೆರಳೆಣಿಕೆಯ ಮನೆತನಗಳಲ್ಲಿ ಮಾತ್ರ ವಂಶದಲ್ಲಿ ಬಂದದ್ದಿದೆ. ನಿಮ್ಮ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ ಅಂದಮೇಲೆ ನೀವಿಬ್ಬರೂ ಸುಮ್ನೆ ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯ ಇಲ್ಲ.

ಎರಡು ವರ್ಷ ಕಾಯಿಲೆ ಪತ್ತೆಯಾಗದೆ ಹೋಯಿತಲ್ಲ ಎಂಬ ಸಂಕಟ ಪತ್ರದಲ್ಲಿ ಕಾಣುತ್ತದೆ. ಕಾರ್ಡೋಮಾದಲ್ಲಿ ಇದು ಮಾಮೂಲು. ಸೇಕ್ರಮ್ ಎಲುಬು ಎಕ್ಸ್‌ರೇಯಲ್ಲಿ ಕರುಳಿನ ಗಾಳಿಯ ಹಿಂದೆ ಅಡಗಿಕೊಳ್ಳುತ್ತದೆ. ಸೊಂಟ ನೋವಿಗೆ ಮಾಡುವ ಸಾಮಾನ್ಯ ಎಂಆರ್‌ಐ ಎಷ್ಟೋ ಸಲ ಸೇಕ್ರಮ್‌ನ ಮೇಲ್ಭಾಗಕ್ಕೇ ನಿಂತುಬಿಡುತ್ತದೆ. ಗಡ್ಡೆ ಎಲುಬಿನಿಂದ ಮುಂದಕ್ಕೆ ಉಬ್ಬಿ ಗುದನಾಳವನ್ನು ಹಿಂದಿನಿಂದ ಒತ್ತುತ್ತದೆ, ಅದರಿಂದ ಮಲಬದ್ಧತೆ. ನೋಡಿದವರಿಗೆ ಮೂಲವ್ಯಾಧಿ ಅನಿಸುತ್ತದೆ. ಕೂತರೆ ಜಾಸ್ತಿಯಾಗುವ ಬಾಲದೆಲುಬಿನ ನೋವು, ಜೊತೆಗೆ ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ಬೆರಳು ಹಾಕಿ ಪರೀಕ್ಷೆ ಮಾಡಿ ಅಂತ ಡಾಕ್ಟರಿಗೆ ನೀವೇ ಹೇಳಿ. ಇದನ್ನು ಓದುತ್ತಿರುವ ಬೇರೆಯವರಿಗೂ ಈ ಮಾತು. ಹಿಂದುಗಡೆ ಗಟ್ಟಿಯಾದ ಉಬ್ಬು ಬೆರಳಿಗೇ ಸಿಗುತ್ತದೆ. ನಮ್ಮ ಕಡೆ ಇನ್ನೊಂದು ಅಡಚಣೆ ಇದೆ: ಬೆನ್ನೆಲುಬಿನ ಟಿಬಿ. ಅದು ಕಾರ್ಡೋಮಾಗಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಬೆನ್ನೆಲುಬು ಕೊರೆದಂತೆ ಸ್ಕ್ಯಾನ್‌ನಲ್ಲಿ ಕಂಡರೆ ಬಯಾಪ್ಸಿ ಇಲ್ಲದೆಯೇ ಟಿಬಿ ಮಾತ್ರೆ ಶುರುವಾಗಿಬಿಡುತ್ತದೆ, ತಿಂಗಳುಗಟ್ಟಲೆ ಹೋಗುತ್ತದೆ. ನಿಮಗೆ ಹಾಗಾಗಲಿಲ್ಲ.

ಇನ್ನು ನಿಮ್ಮ ದೊಡ್ಡ ಭಯ, ಮೂತ್ರದ ಹಿಡಿತ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮನ್ನು ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ.

ಸೇಕ್ರಮ್‌ನಿಂದ ಎರಡೂ ಬದಿಗೆ ಐದೈದು ನರಗಳು ಹೊರಡುತ್ತವೆ, ಎಸ್ 1ರಿಂದ ಎಸ್ 5. ಮೇಲಿನವು ಕಾಲಿನ ಶಕ್ತಿಗೆ. ಎಸ್ 2, ಎಸ್ 3, ಎಸ್ 4 ಮೂತ್ರ, ಮಲ, ಲೈಂಗಿಕ ಕ್ರಿಯೆಗೆ. ಎಷ್ಟು ಎತ್ತರಕ್ಕೆ ಎಲುಬು ಕತ್ತರಿಸಬೇಕು ಎಂಬುದರ ಮೇಲೆ ಯಾವ ನರ ಹೋಗುತ್ತದೆ ಎಂಬುದು ನಿಂತಿದೆ. ಎರಡೂ ಬದಿಯ ಎಸ್ 3 ಉಳಿದರೆ ಹೆಚ್ಚಿನವರಿಗೆ ಹಿಡಿತ ಉಳಿಯುತ್ತದೆ. ಒಂದು ಬದಿಯ ಎಸ್ 3 ಹೋಗಿ ಇನ್ನೊಂದು ಉಳಿದರೂ ಅರ್ಧಕ್ಕಿಂತ ಹೆಚ್ಚು ಜನ ಸಂಭಾಳಿಸುತ್ತಾರೆ. ಎರಡೂ ಎಸ್ 3 ಹೋಗಿ, ಎಸ್ 2 ಎರಡೂ ಉಳಿದರೆ ಫಲಿತಾಂಶ ಒಬ್ಬೊಬ್ಬರಿಗೆ ಒಂದೊಂದು ಥರ, ಪೂರ್ತಿ ಮೊದಲಿನಂತೆ ಇರುವವರು ಕಡಿಮೆ. ಎಸ್ 2 ಕೂಡ ಎರಡೂ ಕಡೆ ಹೋದರೆ ಹಿಡಿತ ಹೋಗುತ್ತದೆ ಅಂತಲೇ ಹಿಡಿಯಬೇಕು.

ನಿಮ್ಮ ತಂದೆಯ ಗಡ್ಡೆ ಎಸ್ 3ರಿಂದ ಶುರುವಾಗಿದೆ. ಶುದ್ಧ ಅಂಚು ಬೇಕೆಂದರೆ ಅದರ ಮೇಲೆ, ಅಂದರೆ ಎಸ್ 2ರ ಆಸುಪಾಸಿನಲ್ಲಿ ಎಲುಬು ಕತ್ತರಿಸಬೇಕಾಗುತ್ತದೆ. ಎಸ್ 2 ನರಗಳು ಉಳಿಯಬಹುದು, ಎಸ್ 3 ಎರಡೂ ಅಥವಾ ಒಂದು ಹೋಗಬಹುದು. ಗಡ್ಡೆ ಒಂದು ಬದಿಗೆ ಸ್ವಲ್ಪ ವಾಲಿದ್ದರೆ ಇನ್ನೊಂದು ಬದಿಯ ನರ ಉಳಿಸಲು ಸಾಧ್ಯವಾ ಅಂತ ಕೇಳಿ. ಎಂಆರ್‌ಐ ಸಿಡಿ ನೋಡಿದ ಸರ್ಜನ್ ಮಾತ್ರ ಅದನ್ನು ಹೇಳಬಲ್ಲರು. ನಡೆಯುವುದಕ್ಕೆ ತೊಂದರೆ ಆಗಲಿಕ್ಕಿಲ್ಲ, ಯಾಕೆಂದರೆ ಸೊಂಟದ ಭಾರ ಹೊರುವ ಎಸ್ 1 ಭಾಗ ಗಟ್ಟಿಯಾಗಿ ಉಳಿಯುತ್ತದೆ. ರಾಡು, ಸ್ಕ್ರೂ ಕೂಡ ಇಷ್ಟು ಕೆಳಗಿನ ಆಪರೇಷನ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಹಿಡಿತ ಹೋದರೆ ಮುಂದೇನು? ದಿನಕ್ಕೆ ನಾಲ್ಕೈದು ಸಲ ತಾವೇ ಸಣ್ಣ ನಳಿಕೆ ಹಾಕಿ ಮೂತ್ರ ಖಾಲಿ ಮಾಡಿಕೊಳ್ಳುವುದನ್ನು ಕಲಿಸುತ್ತಾರೆ. ಸಂಡಾಸಕ್ಕೆ ಹೊತ್ತು ಗೊತ್ತುಮಾಡಿ, ಔಷಧ ಅಥವಾ ಎನಿಮಾ ಸಹಾಯದಿಂದ ಬೆಳಿಗ್ಗೆಯೇ ಮುಗಿಸಿಕೊಳ್ಳುವ ಅಭ್ಯಾಸ. ಕೆಲವರಿಗೆ ಹೊಟ್ಟೆಯ ಮೇಲೆ, ಮಲ ಬಂದು ಸೇರುವ ಕೊಲೋಸ್ಟಮಿ ಚೀಲ. ಕೇಳಲು ಭಯಂಕರ. ಆದರೆ ನಳಿಕೆ ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ, ಮದುವೆಗೆ, ಸಂತೆಗೆ ಹೋಗುವವರನ್ನು ನಾನು ನೋಡುತ್ತಿರುತ್ತೇನೆ. ಅವರ ಪಕ್ಕ ಕೂತವರಿಗೂ ಗೊತ್ತಾಗುವುದಿಲ್ಲ. ನಿಮಗೆ ಯಾರೂ ಹೇಳದೆ ಇರುವ ತೊಂದರೆ ಬೇರೊಂದಿದೆ: ಗಾಯ. ಈ ಜಾಗದ ಆಪರೇಷನ್ ಗಾಯ ಬೇಗ ಒಣಗುವುದಿಲ್ಲ. ನಾಲ್ವರಲ್ಲಿ ಒಬ್ಬರಿಗಾದರೂ ಸೋಂಕು, ಗಾಯ ಬಿಚ್ಚಿಕೊಳ್ಳುವುದು ಇತ್ಯಾದಿ ಆಗುತ್ತದೆ. ಪ್ಲಾಸ್ಟಿಕ್ ಸರ್ಜನ್ ಬಂದು ಮಾಂಸ ತಿರುವಿ ಮುಚ್ಚಬೇಕಾಗಬಹುದು. ವಾರಗಟ್ಟಲೆ ಮಗ್ಗುಲಾಗಿ, ಬೋರಲಾಗಿ ಮಲಗಬೇಕು. ಟ್ರ್ಯಾಕ್ಟರ್ ಸೀಟು ತಿಂಗಳುಗಟ್ಟಲೆ ದೂರ.

ಗಡ್ಡೆಯನ್ನು ತೆಗೆಯದೆ ಹಾಗೇ ಬಿಟ್ಟರೂ ಅದೇ ನರಗಳನ್ನು ಅದು ತಿನ್ನುತ್ತದೆ. ಆಪರೇಷನ್ ಬೇಡ ಅಂದರೆ ಹಿಡಿತ ಉಳಿಯುತ್ತದೆ ಅಂತಲ್ಲ, ತಡವಾಗಿ ಹೋಗುತ್ತದೆ, ಆಗ ಜೊತೆಗೆ ನೋವೂ ಇರುತ್ತದೆ.

ಇಲ್ಲಿಯೇ ಅಪ್ಪನಿಗೆ ಹೇಳುವ ವಿಷಯ ಬರುತ್ತದೆ. ನಿಮ್ಮ ಮನೆಯಲ್ಲಿ ಕಾಕಾ ಮಾತಾಡುತ್ತಾರೆ, ಮಾವ ಮಾತಾಡುತ್ತಾರೆ, ಅಪ್ಪ ಮಾತ್ರ ಕೇಳಿಸಿಕೊಂಡಿಲ್ಲ. ಮೂತ್ರದ ಹಿಡಿತ ಕೊಟ್ಟು ಹೆಚ್ಚು ವರ್ಷ ಪಡೆಯುವುದಾ, ಅಥವಾ ಬೇರೆ ದಾರಿಯಾ ಎಂದು ಹೇಳಬೇಕಾದವರು ಅವರೇ. ಹೇಳದೆ ಆಪರೇಷನ್ ಮಾಡಿಸಿದರೆ ಎದ್ದ ಮೇಲೆ "ನನಗ್ಯಾಕೆ ಯಾರೂ ಹೇಳಲಿಲ್ಲ" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಒಂದೇ ಸಲ ಎಲ್ಲ ಹೇಳಬೇಕಿಲ್ಲ. "ಗಡ್ಡೆ ಸಾದಾ ಅಲ್ಲ, ನಿಧಾನಕ್ಕೆ ಬೆಳೆಯೋ ಕ್ಯಾನ್ಸರ್, ಚಿಕಿತ್ಸೆ ಇದೆ, ಮುಂಬೈಗೆ ಹೋಗೋಣ" ಎಂಬಷ್ಟರಿಂದ ಶುರುಮಾಡಿ. ನನ್ನ ಅನುಭವದಲ್ಲಿ ಹೆಚ್ಚಿನ ರೋಗಿಗಳಿಗೆ ಮನೆಯವರು ಹೇಳುವ ಮೊದಲೇ ಅಂದಾಜು ಇರುತ್ತದೆ.

ನಿಧಾನಕ್ಕೆ ಬೆಳೆಯುತ್ತೆ ಅಂದರೆ ಸಾದಾ ಗಡ್ಡೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಮುಖ್ಯವಾಗಿ ಇದ್ದಲ್ಲೇ ಕಾಡುತ್ತದೆ, ಆದರೆ ವರ್ಷಗಳ ಮೇಲೆ ಪುಪ್ಪುಸ, ಯಕೃತ್ತು, ಬೇರೆ ಎಲುಬುಗಳಿಗೆ ಹೋಗುವುದೂ ಇದೆ. ಅದಕ್ಕೇ ಆಪರೇಷನ್ ಮೊದಲು ಎದೆಯ ಸಿಟಿ ಮತ್ತು ಇಡೀ ಬೆನ್ನೆಲುಬಿನ ಎಂಆರ್‌ಐ ಮಾಡಿಸುತ್ತಾರೆ. ಮೇಲೆ ಹೇಳಿದ 400 ರೋಗಿಗಳ ಲೆಕ್ಕದಲ್ಲಿ 5 ವರ್ಷದ ನಂತರ ನೂರರಲ್ಲಿ 68 ಜನ, 10 ವರ್ಷದ ನಂತರ 40 ಜನ ಬದುಕಿದ್ದರು. ಅದು ಹಳೆಯ ಕಾಲದ ಚಿಕಿತ್ಸೆ, ಎಲ್ಲ ಜಾಗದ ಗಡ್ಡೆಗಳು ಸೇರಿದ ಲೆಕ್ಕ. ನಿಮ್ಮ ತಂದೆಗೆ ಇಷ್ಟೇ ವರ್ಷ ಅಂತ ಅದರಿಂದ ಯಾರೂ ಹೇಳಲಾಗದು. ನಿಧಾನಕ್ಕೆ ಬೆಳೆಯುವುದರಿಂದ ಒಂದು ಅನುಕೂಲ ಇದೆ. ಸರಿಯಾದ ಜಾಗ ಹುಡುಕಲು ನಾಲ್ಕಾರು ವಾರ ತೆಗೆದುಕೊಂಡರೆ ನಷ್ಟವಿಲ್ಲ. ಮುಂದಿನ ಕಬ್ಬಿನ ಹಂಗಾಮು ಮುಗಿಯಲಿ ಅಂತ ಮುಂದೂಡಿದರೆ ನಷ್ಟ ಇದೆ.

ಈಗ ನನ್ನ ಕ್ಷೇತ್ರಕ್ಕೆ ಬರೋಣ, ರೇಡಿಯೇಷನ್. ಕಾರ್ಡೋಮಾ ಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 50–60 ಗ್ರೇ (ಕಿರಣವನ್ನು ಅಳೆಯುವ ಮಾನ) ಪ್ರಮಾಣ ಇದಕ್ಕೆ ಸಾಲದು, 70 ಗ್ರೇ ದಾಟಬೇಕು. ಸೇಕ್ರಮ್‌ನ ಮುಂದೆ ಕರುಳು, ಗುದನಾಳ ಇವೆ. ಸಣ್ಣ ಕರುಳು 50 ಗ್ರೇ ಮೇಲೆ ತಡೆಯುವುದು ಕಷ್ಟ. ಬೆನ್ನೆಲುಬಿನ ಗಡ್ಡೆಯಾದರೆ ಪಕ್ಕದಲ್ಲೇ ಬೆನ್ನುಹುರಿ ಇರುತ್ತದೆ, ಅದರ ಮಿತಿಯೂ ಅಷ್ಟೇ. ಗಡ್ಡೆಗೆ 70ಕ್ಕಿಂತ ಹೆಚ್ಚು, ಅರ್ಧ ಇಂಚು ಆಚೆ 50ಕ್ಕಿಂತ ಕಡಿಮೆ, ಇದೇ ನಮ್ಮ ತಲೆನೋವು.

ಪ್ರೋಟಾನ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಎಕ್ಸ್‌ರೇ ಕಿರಣ ದೇಹದ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತದೆ, ದಾರಿಯುದ್ದಕ್ಕೂ ಪೆಟ್ಟು ಕೊಡುತ್ತದೆ. ಪ್ರೋಟಾನ್ ಗೊತ್ತುಮಾಡಿದ ಆಳದಲ್ಲಿ ತನ್ನ ಶಕ್ತಿಯನ್ನು ಸುರಿದು ಅಲ್ಲೇ ನಿಲ್ಲುತ್ತದೆ. ಆಚೆಗಿನ ಕರುಳಿಗೆ ಪೆಟ್ಟು ಬೀಳುವುದಿಲ್ಲ. ಜನ ಪ್ರೋಟಾನ್ ಅಂದರೆ ಹೆಚ್ಚು ಬಲದ ಕಿರಣ ಅಂದುಕೊಂಡಿದ್ದಾರೆ. ಗಡ್ಡೆಯನ್ನು ಕೊಲ್ಲುವ ಬಲ ಎಕ್ಸ್‌ರೇಗೂ ಪ್ರೋಟಾನ್‌ಗೂ ಹೆಚ್ಚುಕಡಿಮೆ ಒಂದೇ. ಅಕ್ಕಪಕ್ಕ ಉಳಿಸುವುದರಲ್ಲಿ ಮಾತ್ರ ಪ್ರೋಟಾನ್ ಮುಂದು. ಬಲದಲ್ಲಿ ನಿಜವಾಗಿ ಮುಂದಿರುವುದು ಕಾರ್ಬನ್ ಅಯಾನ್, ಅಂದರೆ ಕಾರ್ಬನ್ ಕಣಗಳ ಕಿರಣ. ಜಪಾನಿನ ಚಿಬಾದಲ್ಲಿ 1994ರಿಂದ ಕೊಡುತ್ತಿದ್ದಾರೆ, ಜರ್ಮನಿಯ ಹೈಡಲ್‌ಬರ್ಗ್‌ನಲ್ಲೂ ಇದೆ. ಭಾರತದಲ್ಲಿ ಪ್ರೋಟಾನ್ ಮಾತ್ರ: ಚೆನ್ನೈನ ಅಪೋಲೊದಲ್ಲಿ 2019ರಿಂದ, ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನ ನವಿ ಮುಂಬೈ ಖಾರಘರ್ ಕೇಂದ್ರದಲ್ಲಿ 2023ರಿಂದ. ಒಳ್ಳೆಯ ಯಂತ್ರ, ಅನುಭವಿ ತಂಡ ಇದ್ದರೆ ಸಾಮಾನ್ಯ ಎಕ್ಸ್‌ರೇಯಲ್ಲೂ ಐಎಂಆರ್‌ಟಿ ಎಂಬ, ಕಿರಣವನ್ನು ಗಡ್ಡೆಯ ಆಕಾರಕ್ಕೆ ಹೊಂದಿಸುವ ವಿಧಾನದಿಂದ ಕೆಲವರಿಗೆ ಸಾಕಷ್ಟು ಪ್ರಮಾಣ ಕೊಡಬಹುದು. ಪ್ರೋಟಾನ್ ಸಿಗದಿದ್ದರೆ ಎಲ್ಲ ಮುಗೀತು ಅಂತ ತಿಳಿಯಬೇಡಿ.

ಹಾಗಾದರೆ ಮಾವ ಹೇಳುವಂತೆ ಆಪರೇಷನ್ ಬಿಟ್ಟು ಬರೀ ಪ್ರೋಟಾನ್ ಸಾಕಾ? ಇದು ತಲೆಯಿಲ್ಲದ ಮಾತಲ್ಲ. ತೆಗೆಯಲಾಗದ ಸೇಕ್ರಮ್ ಗಡ್ಡೆ ಇದ್ದ 188 ಜನರಿಗೆ ಜಪಾನಿನಲ್ಲಿ ಬರೀ ಕಾರ್ಬನ್ ಕೊಟ್ಟರು. 5 ವರ್ಷದ ಹೊತ್ತಿಗೆ ನೂರರಲ್ಲಿ 77 ಜನರಲ್ಲಿ ಗಡ್ಡೆ ಆ ಜಾಗದಲ್ಲಿ ಹತೋಟಿಯಲ್ಲಿತ್ತು, 81 ಜನ ಬದುಕಿದ್ದರು. ಒಳ್ಳೆಯ ಫಲಿತಾಂಶ. ಆದರೆ ಅದು ಕಾರ್ಬನ್ ಲೆಕ್ಕ, ಪ್ರೋಟಾನ್‌ಗೆ ನೇರವಾಗಿ ಹಚ್ಚಲು ಬರುವುದಿಲ್ಲ. ಕಿರಣದಿಂದಲೂ ವರ್ಷಗಳ ಮೇಲೆ ನರ ದುರ್ಬಲವಾಗಬಹುದು, ಸೇಕ್ರಮ್ ಬಿರುಕು ಬಿಡಬಹುದು, ಗುದನಾಳದಲ್ಲಿ ಹುಣ್ಣಾಗಬಹುದು. ಇನ್ನೊಂದು, ಗಡ್ಡೆ ಕಿರಣದ ಮೇಲೆ ಮಾಯವಾಗುವುದಿಲ್ಲ. ವರ್ಷಗಟ್ಟಲೆ ಸ್ಕ್ಯಾನ್‌ನಲ್ಲಿ ಕಾಣುತ್ತಲೇ ಇರುತ್ತದೆ, ಬೆಳೆಯದಿದ್ದರೆ ಸಾಕು ಅಂತ ನಾವು ಸಮಾಧಾನ ಪಡಬೇಕು. ಅದು ವಿಫಲವಾದರೆ ಕಿರಣ ಬಿದ್ದ ಜಾಗದಲ್ಲಿ ಆಪರೇಷನ್ ಇನ್ನೂ ಕಠಿಣ.

ನನ್ನ ಅಭಿಪ್ರಾಯ ಕೇಳಿದರೆ: ಗಡ್ಡೆ ಎಸ್ 1ವರೆಗೆ ಹಬ್ಬಿದ್ದರೆ, ಅಥವಾ ರೋಗಿಗೆ 75 ದಾಟಿದ್ದರೆ, ಹೃದಯ ದುರ್ಬಲವಾಗಿದ್ದರೆ ನಾನು ಬರೀ ಕಿರಣದ ಕಡೆ ವಾಲುತ್ತೇನೆ. 57 ವರ್ಷ, ಗಟ್ಟಿಮುಟ್ಟು, ಗಡ್ಡೆ ಎಸ್ 3ರ ಕೆಳಗೆ ಎಂದರೆ ಆಪರೇಷನ್ ಮೊದಲು. ಕಿರಣ ಬೇಕಾಗಬಹುದು, ಆಪರೇಷನ್ ಮೊದಲೋ ಆಮೇಲೋ ಎಂಬುದನ್ನು ಸರ್ಜನ್ ಮತ್ತು ರೇಡಿಯೇಷನ್ ಡಾಕ್ಟರ್ ಒಟ್ಟಿಗೆ ಕೂತು, ಆಪರೇಷನ್‌ಗೆ ಮುಂಚೆಯೇ ಗೊತ್ತುಮಾಡಬೇಕು. ಹಾಗೆ ಕೂರುವ ತಂಡ ಇರುವ ಆಸ್ಪತ್ರೆಯನ್ನೇ ಆರಿಸಿ. ನಿಮ್ಮ ತಂದೆಯೇ ಎಲ್ಲ ಕೇಳಿ, ತಿಳಿದು, "ನನಗೆ ಹಿಡಿತ ಹೋಗೋದು ಬೇಡವೇ ಬೇಡ" ಅಂದರೆ ಬರೀ ಕಿರಣ ಮರ್ಯಾದೆಯ ಆಯ್ಕೆಯೇ.

ಬುರುಡೆಯ ತಳದ ಕಾರ್ಡೋಮಾ ಬಗ್ಗೆ ಎರಡು ಮಾತು, ಬೇರೆ ಓದುಗರಿಗಾಗಿ. ಅಲ್ಲಿ ತಲೆನೋವಿನ ಜೊತೆ ಒಂದರ ಬದಲು ಎರಡು ಕಾಣುವುದು ಮುಖ್ಯ ಲಕ್ಷಣ, ಕಣ್ಣು ತಿರುಗಿಸುವ ನರ ಒತ್ತಿಹೋಗಿರುತ್ತದೆ. ಮಿದುಳಿನ ಬುಡ, ದೊಡ್ಡ ರಕ್ತನಾಳಗಳ ನಡುವೆ ಇಡಿಯಾಗಿ ತೆಗೆಯುವುದು ಬಹುತೇಕ ಅಸಾಧ್ಯ. ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಸಾಧ್ಯವಾದಷ್ಟೂ ತೆಗೆದು, ಆಮೇಲೆ ಪ್ರೋಟಾನ್ ಕೊಡುತ್ತಾರೆ. ಮಿದುಳಿನ ನೀರು ಮೂಗಿನಿಂದ ಸೋರುವುದು, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಅಲ್ಲಿನ ಅಪಾಯ. ಪ್ರೋಟಾನ್‌ಗೆ ಸಾಲ ಮಾಡುವುದಿದ್ದರೆ ಈ ಜಾಗದ ಗಡ್ಡೆಗೆ ಮಾಡಿ ಅಂತ ನಾನು ಹೇಳುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ನ್ಯೂರೋಸರ್ಜರಿ ಕೇಂದ್ರದಲ್ಲಿ ತೋರಿಸಬೇಕು.

ಕೀಮೋ ಬಗ್ಗೆ: ಸಾಮಾನ್ಯ ಕಾರ್ಡೋಮಾ ಕೀಮೋಗೆ ಕರಗುವುದಿಲ್ಲ. ಯಾರಾದರೂ ಮೊದಲು ಆರು ಕೀಮೋ ಕೊಟ್ಟು ನೋಡೋಣ ಅಂದರೆ ಯಾಕೆ ಅಂತ ಕೇಳಿ. ತೀರಾ ಆಕ್ರಮಣಕಾರಿಯಾದ, ರೂಪ ಬದಲಿಸಿದ ಬಗೆಗಳಿಗೆ ಮಾತ್ರ ಅದರ ಪಾತ್ರ ಇದೆ. ತೆಗೆಯಲಾಗದ, ಹಬ್ಬಿದ ಕಾಯಿಲೆಗೆ ಇಮ್ಯಾಟಿನಿಬ್‌ನಂಥ ಮಾತ್ರೆ ಕೊಡುತ್ತೇವೆ. ಗಡ್ಡೆ ಕುಗ್ಗುವುದು ಅಪರೂಪ, ಕೆಲವರಲ್ಲಿ ಬೆಳವಣಿಗೆ ಒಂದಷ್ಟು ಕಾಲ ನಿಲ್ಲುತ್ತದೆ. ರಕ್ತದ ಕ್ಯಾನ್ಸರಿಗೆ ಬಂದ ಮಾತ್ರೆ ಇದು. 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಬೇಡಿಕೆ ತಳ್ಳಿಹಾಕಿದ್ದರಿಂದ ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದೆ. ನಿಮ್ಮ ತಂದೆಗೆ ಸದ್ಯಕ್ಕೆ ಬೇಕಿಲ್ಲ.

ಬಯಾಪ್ಸಿ ರಿಪೋರ್ಟ್‌ನಲ್ಲಿ ಬ್ರಾಕಿಯುರಿ ಪಾಸಿಟಿವ್ ಅಂತ ಇದೆಯಾ ನೋಡಿ. ಈ ಪ್ರೋಟೀನ್ ಕಾರ್ಡೋಮಾದ ಗುರುತು. ಇಲ್ಲದಿದ್ದರೆ ಆ ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಕೊಂಡ್ರೊಸಾರ್ಕೋಮಾ ಎಂಬ ಇನ್ನೊಂದು ಗಡ್ಡೆ ನೋಡಲು ಹೀಗೇ ಇರುತ್ತದೆ. ಬೆಳಗಾವಿಯ ಲ್ಯಾಬ್‌ನಿಂದ ಬರೀ ರಿಪೋರ್ಟ್ ಅಲ್ಲ, ಬಯಾಪ್ಸಿ ತುಂಡನ್ನು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ. ಅದು ರೋಗಿಯ ಹಕ್ಕು. ಮಿರಜದ ಎಂಆರ್‌ಐ ಸಿಡಿ ಕೂಡ ಬೇಕು, ಫಿಲ್ಮ್ ಸಾಲದು.

ಹೊಲ ಮಾರುವ ಮಾತು ಸದ್ಯಕ್ಕೆ ನಿಲ್ಲಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಅದು ಮುಂಬೈಯಲ್ಲಿ ನಡೆಯುತ್ತೋ, ಯಾವ ರೆಫರಲ್ ಪತ್ರ ಬೇಕು ಎಂಬುದನ್ನು ಹೊರಡುವ ಮೊದಲೇ ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೇಳಿಕೊಳ್ಳಿ. ಟಾಟಾ ಆಸ್ಪತ್ರೆಯಲ್ಲಿ ಜನರಲ್ ವಿಭಾಗದ ದರ ಖಾಸಗಿಗಿಂತ ಎಷ್ಟೋ ಕಡಿಮೆ. ಅಲ್ಲಿನ ಸೋಶಿಯಲ್ ವರ್ಕರ್ ವಿಭಾಗಕ್ಕೆ ಮೊದಲ ದಿನವೇ ಹೋಗಿ. ಆಸ್ಪತ್ರೆ ಇರುವ ಪರೇಲ್ ಸುತ್ತಲಿನ ಧರ್ಮಶಾಲೆ, ಟ್ರಸ್ಟ್‌ಗಳ ನೆರವು, ಪ್ರಧಾನ ಮಂತ್ರಿ ಪರಿಹಾರ ನಿಧಿಯ ಅರ್ಜಿ ಎಲ್ಲಾ ಅವರ ಕೈಯಲ್ಲೇ ಆಗುತ್ತದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಎಸಿ ಪೂರ್ತಿ ಉಚಿತ, ಜೊತೆಗಿರುವವರಿಗೂ ರಿಯಾಯಿತಿ ಇದೆ. ಡಾಕ್ಟರ ಸಹಿಯ ಫಾರ್ಮ್ ಬೇಕು. ನಿಮಗೆ ಮಿರಜದಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಅನುಕೂಲ, ರಾತ್ರಿ ಮಲಗಿಕೊಂಡೇ ಹೋಗಬಹುದು, ಕೂತು ನೋವು ತಿನ್ನಬೇಕಿಲ್ಲ. ಪ್ರೋಟಾನ್ ಬೇಕು ಅಂತಾದರೆ ವಾರಕ್ಕೆ ಐದು ದಿನದಂತೆ ಏಳೆಂಟು ವಾರ ಅಲ್ಲೇ ಇರಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ, ಎಲ್ಲರೂ ಮರೆಯುವುದು ಇದನ್ನೇ. ಆಪರೇಷನ್ ಆದ ಮೇಲಿನ ಸ್ಕ್ಯಾನ್‌ಗಳನ್ನು ಬೆಳಗಾವಿಯಲ್ಲೇ ಮಾಡಿಸಬಹುದು: ಮೊದಲ ನಾಲ್ಕೈದು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, 15 ವರ್ಷದವರೆಗೂ. ಹತ್ತು ವರ್ಷದ ಮೇಲೆ ಮರಳುವುದನ್ನೂ ನೋಡಿದ್ದೇವೆ.

ಹೊರಡುವವರೆಗೆ ಮನೆಯಲ್ಲಿ ಏನು? ನಾಟಿ ಔಷಧದವರು ಬಾಲದೆಲುಬಿನ ಮೇಲೆ ಬರೆ ಹಾಕಲು ಬಂದರೆ ಬಿಡಬೇಡಿ. ಆಪರೇಷನ್ ಗಾಯ ಬರುವುದು ಅದೇ ಚರ್ಮದಲ್ಲಿ, ಸುಟ್ಟ ಚರ್ಮ ಕೂಡುವುದಿಲ್ಲ. ಹೆಸರಿಲ್ಲದ ಪುಡಿಗಳೂ ಬೇಡ, ಎಷ್ಟೋ ಪುಡಿಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಬೀಡಿ, ಗುಟ್ಕಾ ಇದ್ದರೆ ಇವತ್ತೇ ನಿಲ್ಲಿಸಿ, ಶುಗರ್ ಇದ್ದರೆ ಹತೋಟಿಗೆ ತನ್ನಿ, ಎರಡೂ ಗಾಯ ಒಣಗುವುದಕ್ಕೆ. ಮಲ ಗಟ್ಟಿಯಾಗದಂತೆ ಔಷಧ ಬರೆಸಿಕೊಳ್ಳಿ. ನೋವಿಗೆ ಮಾತ್ರೆ ಸಾಲದಿದ್ದರೆ ಹೇಳಿ, ಇನ್ನೂ ಬಲವಾದವು ಇವೆ, ಹಲ್ಲುಕಚ್ಚಿ ಕೂರಬೇಕಾಗಿಲ್ಲ. ಮೂತ್ರ ಕಟ್ಟಿಕೊಂಡರೆ, ಗೊತ್ತಿಲ್ಲದೆ ಮಲ ಹೋದರೆ, ಗುದದ ಸುತ್ತ ಮರಗಟ್ಟಿದಂತಾದರೆ, ಕಾಲು ಸೋತರೆ ಮುಂಬೈ ತಾರೀಖಿಗೆ ಕಾಯಬೇಡಿ. ಮಧ್ಯರಾತ್ರಿಯಾದರೂ ಬೆಳಗಾವಿಗೋ ಮಿರಜಕ್ಕೋ ಯಾವುದು ಹತ್ತಿರವೋ ಅಲ್ಲಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೊದಲು ಮೂತ್ರದ ನಳಿಕೆ ಹಾಕಿಸಿ. ಗಡ್ಡೆಗೆ ಮಾತ್ರ ಆ ರಾತ್ರಿ ಯಾರೂ ಕೈಹಾಕದಂತೆ, ಮುಂಬೈ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿಸಿ.